ಡಿವಿಡಿ ಪ್ಲೇಯರಿನ ಕಣ್ಣುಪೊರೆ

ನಮ್ಮ ಮನೆಯಲ್ಲಿ ಹತ್ತಿಕಡ್ಡಿಯ ಡಬ್ಬಿಗಳು ಎರಡಿವೆ. ಒಂದು ಕಿವಿಗೆ, ಇನ್ನೊಂದು ಡಿವಿಡಿ ಪ್ಲೇಯರಿಗೆ. ಎರಡನೆಯದರ ಮುಚ್ಚಳದ ಮೇಲೆ ನನ್ನ ಹೆಂಡತಿ ಗಿರಿಜಾ ಸ್ಕೆಚ್ ಪೆನ್ನಿನಲ್ಲಿ ‘ಮುಟ್ಟಬಾರದು’ ಎಂದು ದಪ್ಪಗೆ ಬರೆದಿಟ್ಟಿದ್ದಾಳೆ. ಈ ಎಚ್ಚರಿಕೆ ಬಂದು ಹೋಗುವ ನೆಂಟರಿಗಲ್ಲ, ನನಗೆ. ಸ್ನಾನ ಮುಗಿಸಿ ಬಂದವನು ಕೈಗೆ ಸಿಕ್ಕಿದ ಡಬ್ಬಿಗೆ ಕೈಹಾಕುವ ಚಾಳಿ ನನ್ನದು. ಮೊನ್ನೆ ಹಾಗೆ ಕೈಹಾಕಿ ಬೈಸಿಕೊಂಡೆ. ಬೈಗುಳ ತಿಂದ ಮೇಲೆ ಸುಮ್ಮನೆ ಕುಳಿತು ಹಳೆಯದನ್ನೆಲ್ಲ ನೆನೆಯುವುದು ಮದುವೆಯಾದ ಗಂಡಸರಿಗೆ ಇರುವ ಸೌಕರ್ಯಗಳಲ್ಲಿ ಒಂದು. ಅದನ್ನೇ ಈಗ ಮಾಡುತ್ತಿದ್ದೇನೆ.

ಈ ಕಾಲದಲ್ಲಿ ಡಿವಿಡಿ ಪ್ಲೇಯರ್ ಯಾರ ಮನೆಯಲ್ಲಿದೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿದೆ. ಟಿ. ದಾಸರಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಬಹುಶಃ ಇದೊಂದೇ ಉಳಿದಿರುವುದು. ಟಿವಿ ಎರಡು ಸಲ ಬದಲಾಯಿತು, ಮಿಕ್ಸಿ ಮೂರು ಸಲ. ಪ್ಲೇಯರ್ ಮಾತ್ರ ಹಾಗೇ ಇದೆ. ಬಾಗಿಲು ತೆರೆಯುವಾಗ ಮಂಡಿನೋವಿನವರು ಮೇಲೇಳುವ ಹಾಗೆ ಒಂದು ಸದ್ದು ಮಾಡುತ್ತದೆ, ಅಷ್ಟೆ. ಅದರ ಮೇಲೆ ಗಿರಿಜಾ ಹಾಕಿದ ಕ್ರೋಷಾ ಕಸೂತಿಯ ಬಟ್ಟೆ. ಬಟ್ಟೆಯ ಕೆಳಗೆ, ಮುಂಭಾಗದಲ್ಲಿ, ಮೂರು ಬೆರಳಿನ ವಿಭೂತಿ ಪಟ್ಟೆ. ನಾವು ದಾವಣಗೆರೆ ಕಡೆಯ ಲಿಂಗವಂತರು. ಸೋಮವಾರ ಬಂತೆಂದರೆ ನಮ್ಮ ಮನೆಯಲ್ಲಿ ಹಣೆ ಇರುವುದಕ್ಕೆಲ್ಲ ವಿಭೂತಿ ಬೀಳುತ್ತದೆ. ಯಾವುದಕ್ಕೆ ಹಣೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಗಿರಿಜಾ ತೀರ್ಮಾನಿಸುತ್ತಾಳೆ.

ಯಂತ್ರದ ಮೇಲಿನ ಈ ಭಕ್ತಿ ನನಗೆ ಹೊಸದೇನಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಓಣಿಗೆ ಸಿನಿಮಾ ಕ್ಯಾಸೆಟ್ ಹಾಕಿ ತೋರಿಸುವ ಬಾಡಿಗೆ ವಿಸಿಪಿ ತರುತ್ತಿದ್ದ ರುದ್ರಣ್ಣ ಎಂಬುವರಿದ್ದರು. ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಓಣಿಗೆ ಓಣಿಯೇ ಕೂತಿರುತ್ತಿತ್ತು. ನಾಯಕ ಖಳನಾಯಕನ ಕೊರಳಪಟ್ಟಿ ಹಿಡಿಯುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಗೆರೆಗಳು ಏಳುತ್ತಿದ್ದವು. ‘ಹೆಡ್ಡು ಹೊಲಸಾಗೇತಿ, ಸುಮ್ನ ಕುಂದ್ರ್ರಿ’ ಎನ್ನುತ್ತ ರುದ್ರಣ್ಣ ಮುಚ್ಚಳ ತೆಗೆದು, ಅಂಗಿಯ ಜೇಬಿನಿಂದ ಗರಿಗರಿ ನೋಟೊಂದನ್ನು ಎಳೆದು, ಅದಕ್ಕೆ ಅತ್ತರು ಹಚ್ಚಿ, ಮಡಿಸಿ ಒಳಗೆ ತೂರಿಸಿ ಉಜ್ಜುತ್ತಿದ್ದರು. ಗೆರೆಗಳು ಮಾಯ. ಯಂತ್ರಕ್ಕೂ ಲಂಚ ಕೊಟ್ಟರೇ ಕೆಲಸ ಆಗುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ನೋಟಿನ ಮೇಲಲ್ಲ, ರುದ್ರಣ್ಣನ ಸ್ಥಾನದ ಮೇಲೆ ನನಗೆ ಆಸೆ. ಓಣಿಯವರೆಲ್ಲ ಉಸಿರು ಬಿಗಿಹಿಡಿದು ಯಾರ ಕೈಯನ್ನು ನೋಡುತ್ತಾರೋ ಅಂಥವನು ನಾನೂ ಆಗಬೇಕು ಅನ್ನಿಸುತ್ತಿತ್ತು.

ಆದದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಪಾಸಣೆಗಾರ. ಯಂತ್ರದಲ್ಲಿ ಕಡೆದು ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವ ಕೆಲಸ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಅದು ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ ಎಂದು ನನಗೆ ಒಳಗೊಳಗೇ ಜಂಬ. ಆ ಜಂಬ ಇಳಿದ ಕಥೆಯನ್ನೇ ಹೇಳಬೇಕಾಗಿದೆ.

ಅದಕ್ಕೆ ಮೊದಲು ಕೆಂಪಕ್ಕನ ವಿಷಯ ಹೇಳಬೇಕು. ಕೆಂಪಕ್ಕ ನಮ್ಮ ಮನೆಯ ಓನರು. ಇಲ್ಲಿಯ ಮೂಲದವರು. ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತು ಬೆಳೆದಿದೆ. ಕೆಳಗೆ ಅವರು, ಮೊದಲ ಮಹಡಿಯಲ್ಲಿ ನಾವು. ಹೊಸದಾಗಿ ಮದುವೆಯಾಗಿ ಈ ಊರಿಗೆ ಬಂದ ತಿಂಗಳಲ್ಲೇ ಗಿರಿಜಾ ಜ್ವರ ಬಂದು ಮಲಗಿದ್ದಳು. ನನಗೆ ಅನ್ನ ಬಸಿಯುವುದಕ್ಕೂ ಬಾರದು. ಕೆಂಪಕ್ಕ ಒಂದು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು ಹಿಡಿದು ಮೆಟ್ಟಿಲು ಹತ್ತಿ ಬಂದರು. ರೊಟ್ಟಿ ತಿಂದು ಬೆಳೆದ ನಾನು ಮುದ್ದೆಯನ್ನು ಕಚ್ಚಿ ಅಗಿಯತೊಡಗಿದೆ. ‘ಅಯ್ಯೋ ಸಿವನೆ, ಅದೇನ್ ಬಬಲ್ ಗಮ್ಮೇನಪ್ಪಾ? ಅದ್ದು, ನುಂಗು’ ಎಂದು ಅವರೇ ಎದುರು ಕೂತು ನುಂಗುವುದನ್ನು ಕಲಿಸಿದರು. ಜ್ವರ ಇಳಿಯುವ ತನಕ ನಾಲ್ಕು ದಿನ ತಟ್ಟೆ ಮೇಲೆ ಬಂತು. ಗುರುತಿಲ್ಲದ ಊರಿನಲ್ಲಿ ಹಾಗೆ ಬಂದ ತಟ್ಟೆಯ ಋಣ ತೀರುವಂಥದ್ದಲ್ಲ. ನಾವು ಇವತ್ತಿಗೂ ಮನೆ ಬದಲಾಯಿಸದೇ ಇರುವುದಕ್ಕೆ ಅದೂ ಒಂದು ಕಾರಣ.

ಡಿವಿಡಿ ಪ್ಲೇಯರ್ ಇರುವವರ ಮನೆ ಎಂಬ ಕೀರ್ತಿ ನಮಗೆ ಬಂದದ್ದು ಈಚೆಗೆ. ಉಳಿದವರೆಲ್ಲ ತಮ್ಮ ತಮ್ಮ ಪ್ಲೇಯರುಗಳನ್ನು ಹಳೇ ಪೇಪರಿನವನ ಗಾಡಿಗೆ ಹಾಕಿದರು; ಮದುವೆ ಡಿವಿಡಿಗಳನ್ನು ಮಾತ್ರ ಬೀರುವಿನಲ್ಲಿಟ್ಟುಕೊಂಡರು. ವರ್ಷಕ್ಕೊಮ್ಮೆ ವಾರ್ಷಿಕೋತ್ಸವವೋ, ಗಂಡಹೆಂಡಿರ ಜಗಳವೋ ಬಂದಾಗ ಅದರ ನೆನಪಾಗುತ್ತದೆ. ‘ಸಾರ್, ಒಂದ್ಸಲ ಹಾಕ್ತೀರಾ?’ ಎಂದು ಬರುತ್ತಾರೆ. ಹಾಗೆ ಎಷ್ಟು ಜನರ ಧಾರೆ ನಮ್ಮ ನಡುಮನೆಯಲ್ಲಿ ಮರುಕಳಿಸಿದೆಯೋ ಲೆಕ್ಕವಿಲ್ಲ. ವಧೂವರರು ತಾವರೆ ಹೂವಿನೊಳಗಿಂದ ಏಳುವುದು, ತಿರುಗುತ್ತ ಹೃದಯದ ಆಕಾರದಲ್ಲಿ ಮುಳುಗುವುದು, ಎಲ್ಲ ನೋಡಿಯಾಯಿತು. ಗಿರಿಜಾ ಎಲ್ಲರಿಗೂ ಚಹಾ ಕೊಡುತ್ತಾಳೆ. ನಾನು ರಿಮೋಟ್ ಹಿಡಿದು ರುದ್ರಣ್ಣನಂತೆ ಗಂಭೀರವಾಗಿ ಕೂರುತ್ತೇನೆ.

ಹೋದ ದಸರಾಕ್ಕೆ ವಾರ ಹತ್ತು ದಿನ ಮುಂಚೆ ಕೆಂಪಕ್ಕ ಬಂದರು. ಸೆರಗಿನ ಒಳಗಿನಿಂದ ಒಂದು ಡಿವಿಡಿ ತೆಗೆದರು. ಅದರ ಮೇಲೆ ರಾಗಿ ಅಂಟಿತ್ತು. ಬೆಲೆಬಾಳುವುದೆಲ್ಲ ಅವರ ಮನೆಯಲ್ಲಿ ರಾಗಿ ಡ್ರಮ್ಮಿನಲ್ಲೇ ಇರುವುದು.

‘ನಮ್ ಮಂಜುಳನ್ ಮದ್ವೆ ಕ್ಯಾಸೆಟ್ಟು ಕಣಪ್ಪ. ಬೀಗರೂಟದ್ದು’ ಎಂದರು. ಮಂಜುಳಾ ಅವರ ಮಗಳು, ಬೊಮ್ಮನಹಳ್ಳಿಯಲ್ಲಿದ್ದಾಳೆ. ಒಂದೇ ಊರಾದರೂ ಈ ತುದಿಯಿಂದ ಆ ತುದಿಗೆ ಹೋಗಿಬರುವ ಹೊತ್ತಿಗೆ ಹಬ್ಬವೇ ಮುಗಿಯುತ್ತದೆ. ಹಾಗಾಗಿ ಅವಳ ಮಕ್ಕಳು ಚಿನ್ಮಯಿ, ಲಿಖಿತ್ ಇಬ್ಬರೂ ದಸರಾ ರಜೆಯಲ್ಲಿ ಮಾತ್ರ ಅಜ್ಜಿಮನೆಗೆ ಬರುವುದು.

‘ಉಡ್ಗ್ರು ಬರ್ತಾವೆ. ಅವ್ಕೆ ಅವ್ರ್ ತಾತನ್ನ ತೋರುಸ್ಬೇಕು’ ಎಂದರು ಕೆಂಪಕ್ಕ.

ಮಂಜುಳಾ ಮದುವೆಯಾದ ಮರುವರ್ಷವೇ, ನಾವು ಈ ಮನೆಗೆ ಬರುವ ಮೊದಲೇ, ಕೆಂಪಕ್ಕನ ಯಜಮಾನರು ತೀರಿಕೊಂಡರಂತೆ. ಮೊಮ್ಮಕ್ಕಳನ್ನು ಅವರು ನೋಡಲಿಲ್ಲ, ಅವರನ್ನು ಮೊಮ್ಮಕ್ಕಳು ನೋಡಲಿಲ್ಲ. ಗೋಡೆಯ ಮೇಲಿರುವುದು ಒಂದು ಫೋಟೋ. ಜಮೀನಿನ ಕಾಗದಕ್ಕೆಂದು ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅಲುಗಾಡಬೇಡಿ ಎಂದು ಸ್ಟುಡಿಯೋದವನು ಹೇಳಿದ್ದಕ್ಕೆ ಅವರು ಉಸಿರನ್ನೂ ಬಿಟ್ಟಂತಿಲ್ಲ. ಕಣ್ಣು ಕೆಂಡ, ಮೀಸೆ ಕತ್ತಿ. ಸತ್ಯ ಹೇಳಬೇಕೆಂದರೆ, ಬಾಡಿಗೆ ಕೊಡಲು ಹೋದಾಗ ನನಗೂ ಆ ಫೋಟೋದ ಎದುರು ನಿಲ್ಲಲು ಅಳುಕು.

‘ಆ ಪಟ ನೋಡಿ ಚಿಕ್ದು ಎದ್ರ್ಕಂತದೆ. ರೂಮೊಳಿಕ್ಕೇ ಬರಾಕಿಲ್ಲ. ದೊಡ್ಡೋಳು ಓದ್ ವರ್ಸ ನನ್ನೇ ಕೇಳುದ್ಲು: ಅಜ್ಜಿ, ತಾತ ನಿಂಗ್ ಒಡೀತಿದ್ರಾ ಅಂತ.’ ಕೆಂಪಕ್ಕ ಡಿವಿಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, ‘ಅವ್ರು ನಗ್ತಿದ್ರು ಕಣಪ್ಪ. ಬೋ ನಗ್ತಿದ್ರು. ಕ್ಯಾಮ್ರಾಕ್ಕೆ ಸಿಕ್ಕಿರಾದು ಒಂದೇ ಕಿತ. ಬೀಗರೂಟದಾಗೆ. ಅದು ಇದ್ರಲ್ಲೈತೆ’ ಎಂದರು.

ಹೇಳಿ, ಗಿರಿಜಾ ಕಡೆ ತಿರುಗಿ ಸಂಕೋಚಪಟ್ಟರು. ಬೀಗರೂಟ ಎಂದರೆ ಮಾಂಸದೂಟ. ವಿಭೂತಿ ಹಚ್ಚಿದ ಪೆಟ್ಟಿಗೆಯಲ್ಲಿ ಅದನ್ನು ಹಾಕುವುದು ಹೇಗೆ? ‘ನಿಮ್ಮನೇಲಿ ಅದ್ನ ನೋಡ್ಬೋದಾ ತಾಯಿ?’

‘ಟಿವಿಯಾಗಿಂದ ವಾಸನೆ ಬರಂಗಿಲ್ಲ, ಬರ್ರಿ’ ಎಂದಳು ಗಿರಿಜಾ. ಆ ಹೊತ್ತು ನನ್ನ ಹೆಂಡತಿಯ ಮೇಲೆ ನನಗೆ ಬಂದಷ್ಟು ಅಭಿಮಾನ ಮದುವೆಯ ದಿನವೂ ಬಂದಿರಲಿಲ್ಲ.

ಮೊದಲು ನೋಡಿಬಿಡೋಣ ಎಂದು ಹಾಕಿದೆವು. ಚಪ್ಪರ ಬಂತು, ಎಲೆ ಹಾಕುವುದು ಬಂತು, ಬಕೆಟ್ಟು ಹಿಡಿದ ಗಂಡಸರು ಬಂದರು. ‘ಈಗ್ ಬತ್ತಾರೆ, ಈಗ್ ಬತ್ತಾರೆ’ ಎಂದು ಕೆಂಪಕ್ಕ ಮುಂದಕ್ಕೆ ಬಾಗಿದರು. ಚಿತ್ರ ಚೂರುಚೂರಾಗಿ ಚೌಕಗಳಾಯಿತು. ನಿಂತೇಹೋಯಿತು. ಒಳಗಿನಿಂದ ಕರಕರ ಸದ್ದು. ತೆಗೆದು ಒರೆಸಿ ಹಾಕಿದರೂ ಅಲ್ಲಿಗೇ ಬಂದು ನಿಂತಿತು. ಕೆಂಪಕ್ಕನೂ ಒಮ್ಮೆ ಸೆರಗಿನಲ್ಲಿ ತಟ್ಟೆ ಒರೆಸುವಂತೆ ಸುತ್ತಲೂ ಉಜ್ಜಿದರು. ಡಿವಿಡಿಯನ್ನು ಹಾಗೆ ಸುತ್ತ ಒರೆಸಬಾರದು, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು ಎಂದು ನಾನು ಪಾಠ ಹೇಳಿದೆ. ಪಾಠ ಹೇಳುವುದಕ್ಕೆ ನಾನು ಯಾವತ್ತೂ ಮುಂದು.

ಸ್ಟುಡಿಯೋಗೆ ಕೊಟ್ಟರೆ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ ಎಂದೆ. ಕೆಂಪಕ್ಕ ಡಿವಿಡಿಯನ್ನು ಎದೆಗೆ ಒತ್ತಿಕೊಂಡರು. ‘ಇರಾದ್ ಇದೊಂದೇ. ಅವ್ರ್ನ ಯಾರ್ ಕೈಗೋ ಕೊಟ್ಬುಟ್ಟು ಬರಾಕಾಯ್ತದಾ?’ ಮೇಲಿನ ಮನೆಗೆ ತಂದದ್ದೇ ಹೆಚ್ಚು ಎಂಬಂತಿತ್ತು ಮಾತು. ‘ಬಿಡಿ ಕೆಂಪಕ್ಕ, ಮಕ್ಕಳು ಹೋಗುವುದರೊಳಗೆ ನಾನು ಸರಿಮಾಡ್ತೀನಿ’ ಎಂದುಬಿಟ್ಟೆ. ಅಂದ ಮೇಲೆ ಮುಗಿಯಿತಲ್ಲ, ಮಾತು ಕೊಟ್ಟಾಯಿತು. ಕೆಂಪಕ್ಕ ಡಿವಿಡಿಯನ್ನು ಗಿರಿಜಾಳ ಕೈಗೆ ಕೊಟ್ಟು ಕೆಳಗಿಳಿದರು.

ಕಾಯಿಲೆ ನನಗೆ ಗೊತ್ತಿತ್ತು: ಧೂಳು. ತುಮಕೂರು ರಸ್ತೆಯ ಧೂಳು, ಊದುಬತ್ತಿಯ ಬೂದಿ, ಎಷ್ಟೋ ಸೋಮವಾರಗಳ ವಿಭೂತಿ. ಮದ್ದೂ ಗೊತ್ತಿತ್ತು ಎಂದುಕೊಂಡೆ. ಆಯುಧಪೂಜೆಯ ಹಿಂದಿನ ದಿನ ಪೀಣ್ಯದಲ್ಲಿ ಯಾವ ಕಾರ್ಖಾನೆಯಲ್ಲೂ ಸರಿಯಾಗಿ ಕೆಲಸ ನಡೆಯುವುದಿಲ್ಲ. ಎಲ್ಲ ಯಂತ್ರಗಳಿಗೂ ಅಂದು ಅಭ್ಯಂಜನ. ಮೂಲೆಮೂಲೆಗೂ ಕಂಪ್ರೆಸರಿನಿಂದ ಜೋರಾಗಿ ಗಾಳಿ ಊದುವ ‘ಗಾಳಿಗನ್’ ಹಿಡಿದು ಕಬ್ಬಿಣದ ಚೂರು, ಧೂಳು ಹಾರಿಸುತ್ತಾರೆ. ಸೈಕಲ್ ತೊಳೆಸಿಕೊಳ್ಳುವವರು, ಸ್ಕೂಟರ್ ತೊಳೆಸಿಕೊಳ್ಳುವವರು, ಮನೆಯ ಟೇಬಲ್ ಫ್ಯಾನ್ ತರುವವರೂ ಇದ್ದಾರೆ. ನಾನು ಪ್ಲೇಯರನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

‘ಅದನ್ನ ಅಲ್ಲಿಗೆ ಒಯ್ಯಬ್ಯಾಡ್ರಿ. ಅದೇನು ಲೇತ್ ಮಶೀನಾ?’ ಎಂದಳು ಗಿರಿಜಾ.

‘ನಿನಗೆ ಗೊತ್ತಾಗಲ್ಲ’ ಎಂದೆ. ಈ ಎರಡು ಮಾತುಗಳಿಗೆ ನಾನು ತೆತ್ತ ದಂಡವನ್ನು ಬೇರೆಯೇ ಬರೆಯಬೇಕಾದೀತು.

ಮುಚ್ಚಳದ ನಾಲ್ಕು ಸ್ಕ್ರೂ ತೆಗೆದೆ. ಗಾಳಿಗನ್ನು ಹಿಡಿದೆ. ಬುಸ್ ಎಂದು ಒಂದು ಸಲ ಒತ್ತಿದ್ದಷ್ಟೆ, ಧೂಳು ಮೋಡದಂತೆ ಎದ್ದು ಹೋಯಿತು. ಎಷ್ಟು ಸಂತೋಷವಾಯಿತು ಎಂದರೆ ಇನ್ನೂ ನಾಲ್ಕು ಸಲ ಒತ್ತಿದೆ. ಗಾಳಿ ತುಂಬುವ ಕಂಪ್ರೆಸರಿನ ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ, ಅದರ ಜೊತೆ ಎಣ್ಣೆಯೂ ಸೇರಿರುತ್ತದೆ; ದಿನಾ ಬೆಳಿಗ್ಗೆ ಕೆಳಗಿನ ನಲ್ಲಿ ತಿರುಗಿಸಿ ಅದನ್ನು ಬಿಡಬೇಕು. ಹಬ್ಬದ ಗಡಿಬಿಡಿಯಲ್ಲಿ ಅಂದು ಯಾರೂ ಬಿಟ್ಟಿರಲಿಲ್ಲ. ಇದು ಪೀಣ್ಯದಲ್ಲಿ ಚಹಾ ಮಾರುವವರಿಗೂ ಗೊತ್ತಿರುವ ಸಂಗತಿ. ಗಾಳಿ ಹೊಡೆದ ಭಾಗದ ಮೇಲೆ ಎಣ್ಣೆಯ ಪಸೆ ಕಂಡರೆ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವವನು ನಾನೇ. ಆ ನಾನೇ, ನನ್ನ ಕೈಯಾರೆ, ಎಣ್ಣೆನೀರಿನ ತುಂತುರನ್ನು ಪ್ಲೇಯರಿನ ಕಣ್ಣಿಗೆ ಸಿಂಪಡಿಸಿದ್ದೆ. ಮನೆಗೆ ತಂದು ಹಾಕಿದರೆ ಕರಕರ ಸದ್ದೂ ಇಲ್ಲ. ‘ನೋ ಡಿಸ್ಕ್’ ಎಂದು ತೋರಿಸಿತು. ಮೊದಲು ಊಟದ ಮಧ್ಯೆ ಆದರೂ ನಿಲ್ಲುತ್ತಿತ್ತು, ಈಗ ಎಲೆಯನ್ನೇ ಕಾಣದಾಯಿತು.

ಗಿರಿಜಾ ಕ್ರೋಷಾ ಬಟ್ಟೆಯನ್ನು ಮಡಿಸಿ ಒಳಗಿಟ್ಟಳು. ಕೆಳಗೆ ಮಕ್ಕಳು ಬಂದಿದ್ದ ಸದ್ದು ಕೇಳುತ್ತಿತ್ತು. ವಿಜಯದಶಮಿಯ ಸಂಜೆ ಅವರನ್ನು ಕರೆದುಕೊಂಡು ಹೋಗಲು ಮಂಜುಳಾ ಬರುತ್ತಾಳೆ. ಮುಖ್ಯರಸ್ತೆಯಲ್ಲಿ ಮೊದಲು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ, ಈಗ ಮೊಬೈಲಿಗೆ ಗಾಜು ಅಂಟಿಸುವ ಅಂಗಡಿಗೆ ಓಡಿದೆ. ಅಂಗಡಿಯವನು ಪ್ಲೇಯರನ್ನು ತಿರುಗಿಸಿ ನೋಡಿ, ‘ಏನ್ ಸಾರ್, ಇದ್ನೆಲ್ಲಿಂದ ಅಗೆದ್ ತಂದ್ರಿ? ಇದರ ಲೆನ್ಸ್ ಎಲ್ಲೂ ಸಿಗಲ್ಲ ಗುರುವೇ, ಬಿಟ್ಬಿಡಿ’ ಎಂದ. ವಾಪಸು ಬರುವಾಗ ಗೇಟಿನಲ್ಲಿ ಕೆಂಪಕ್ಕ ಸಿಕ್ಕರು. ‘ಆಯ್ತೇನಪ್ಪಾ?’ ಎಂದರು. ‘ಆಗ್ತಾ ಇದೆ’ ಎಂದು ಕಣ್ಣು ತಪ್ಪಿಸಿ ಮೇಲೆ ಹತ್ತಿದೆ. ಅವರಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ. ಇವತ್ತಿಗೂ ಚುಚ್ಚುತ್ತದೆ.

ಮಾರನೆಯ ಬೆಳಿಗ್ಗೆ ಕಾರ್ಖಾನೆಯಲ್ಲಿ ಪೂಜೆ. ಬೂದುಗುಂಬಳ ಒಡೆದರು, ಪುರಿ ಹಂಚಿದರು. ನನ್ನ ಕೋಣೆಯಲ್ಲಿ ಪ್ರೊಜೆಕ್ಟರ್ ಒಂದಿದೆ. ಬಿಡಿಭಾಗದ ನೆರಳನ್ನು ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸುವ ಯಂತ್ರ. ಕುಂಕುಮ ಇಡುವ ಮೊದಲು ಎಂದಿನಂತೆ ಅದರ ಲೆನ್ಸನ್ನು ಒರೆಸತೊಡಗಿದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ, ಒತ್ತಬಾರದು, ನಡುವಿನಿಂದ ಹೊರಗೆ, ಒಂದು ಸಲ ಒರೆಸಿದ ಬಟ್ಟೆಯ ಭಾಗವನ್ನು ಮತ್ತೆ ತಾಗಿಸಬಾರದು. ಹತ್ತು ವರ್ಷದಿಂದ ದಿನವೂ ಮಾಡುವ ಕೆಲಸ. ಒರೆಸುತ್ತ ಒರೆಸುತ್ತ ನನ್ನ ಕೈ ನಿಂತಿತು. ಲೆನ್ಸಿಗೆ ನಾನು ಯಾವತ್ತಾದರೂ ಗಾಳಿಗನ್ನು ಹಿಡಿದಿದ್ದೇನೆಯೇ? ಬೇರೆ ಯಾರಾದರೂ ಹಿಡಿದರೆ ಕೈ ಮುರಿಯುತ್ತಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದರು ಎನ್ನುವುದು ನನ್ನಂಥವರನ್ನು ಕುರಿತೇ.

ಮೇಲಧಿಕಾರಿಗೆ ಹೇಳಿ ಒಂದು ಸಣ್ಣ ಶೀಸೆಯಲ್ಲಿ ಸ್ಪಿರಿಟ್ಟು ತಂದೆ. ಮಧ್ಯಾಹ್ನ ಊಟವಾದ ಮೇಲೆ ಪ್ಲಗ್ ಕಿತ್ತು, ನೆಲದ ಮೇಲೆ ಬಿಳಿ ಪಂಚೆ ಹಾಸಿ, ಮುಚ್ಚಳ ತೆಗೆದೆ. ಗಿರಿಜಾ ಮೊಬೈಲ್ ಬೆಳಕು ಹಿಡಿದಳು. ಡಿವಿಡಿ ಪ್ಲೇಯರಿನ ಕಣ್ಣು ಎಷ್ಟು ಸಣ್ಣದು ಎಂದರೆ ಒಂದು ಉದ್ದಿನಬೇಳೆಯಷ್ಟು. ತೆಳ್ಳನೆಯ ಸ್ಪ್ರಿಂಗಿನ ಮೇಲೆ ತೊಟ್ಟಿಲಲ್ಲಿಟ್ಟಂತೆ ಕೂತಿರುತ್ತದೆ. ಅದರ ಮೇಲೆ ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗೆ ಎಣ್ಣೆಯ ಪದರ. ಬಟ್ಟೆ ಹಿಡಿಸದು, ಬೆರಳು ಹೋಗದು. ಗಿರಿಜಾ ಎದ್ದುಹೋಗಿ ಕನ್ನಡಿಯ ಮುಂದಿದ್ದ ಹತ್ತಿಕಡ್ಡಿಯ ಡಬ್ಬಿ ತಂದಳು.

ಕಡ್ಡಿಯನ್ನು ಸ್ಪಿರಿಟ್ಟಿಗೆ ಅದ್ದಿ, ಹನಿ ಒತ್ತಿ ತೆಗೆದು ಹತ್ತಿರ ತಂದೆ. ನಂಬುತ್ತೀರೋ ಇಲ್ಲವೋ, ಎರಡು ಸಲವೂ ಗುರಿ ತಪ್ಪಿ ಕಡ್ಡಿ ಪಕ್ಕದ ಸ್ಪ್ರಿಂಗಿಗೆ ತಾಗಿತು. ಲಕ್ಷಗಟ್ಟಲೆ ಬಾಳುವ ಯಂತ್ರದ ಮುಂದೆ ತಪ್ಪದ ಕೈ. ‘ಕೊಡ್ರಿ ಇಲ್ಲಿ’ ಎಂದು ಗಿರಿಜಾ ಬೆಳಕನ್ನು ನನಗೆ ಕೊಟ್ಟು ಕಡ್ಡಿ ತೆಗೆದುಕೊಂಡಳು. ದಿನಾ ಹೂಬತ್ತಿ ಹೊಸೆಯುವ ಬೆರಳು. ‘ಒತ್ತಬೇಡ, ನಡುವಿನಿಂದ...’ ಎಂದೆ. ‘ಗೊತ್ತಾಗತ್ತೆ ಸುಮ್ನಿರ್ರಿ’ ಎಂದಳು. ಹೂವಿನ ಮೇಲಿನ ಇರುವೆಯನ್ನು ಸರಿಸುವಷ್ಟು ಹಗುರ. ಮತ್ತೊಂದು ಹೊಸ ಕಡ್ಡಿ, ಆಮೇಲೆ ಒಂದು ಒಣ ಕಡ್ಡಿ. ಪೊರೆ ಹೋಗಿ ಆ ಬೇಳೆ ನೀಲಿಗೆ ಮಿಂಚಿತು. ಅದು ಚಲಿಸುವ ಸರಳಿನ ಜಿಡ್ಡನ್ನೂ ಒರೆಸಿದೆವು. ಅರ್ಧ ಗಂಟೆ ಆರಲು ಬಿಟ್ಟೆವು. ಡಿವಿಡಿಗೆ ಇನ್ನೂ ಅಂಟಿಕೊಂಡಿದ್ದ ರಾಗಿಯನ್ನು ನಾನು ಒದ್ದೆ ಬಟ್ಟೆಯಿಂದ, ನಡುವಿನಿಂದ ಅಂಚಿಗೆ, ಒಂದೊಂದೇ ಕಾಳಾಗಿ ತೆಗೆದೆ. ಹಾಕಿದಾಗ ಪ್ಲೇಯರ್ ಮಂಡಿ ನೋಯಿಸಿಕೊಂಡು ಬಾಯಿ ತೆರೆಯಿತು, ನುಂಗಿತು, ಓದಿತು. ನಾವಿಬ್ಬರೂ ಮೊದಲ ಚೂರು ಕಂಡದ್ದೇ ನಿಲ್ಲಿಸಿಬಿಟ್ಟೆವು. ಮುಂದಿನದನ್ನು ಮೊದಲು ನೋಡುವ ಹಕ್ಕು ನಮ್ಮದಾಗಿರಲಿಲ್ಲ. ಪೆಟ್ಟಿಗೆಗೂ, ಹೆಂಡತಿಗೂ ಒಟ್ಟಿಗೇ ಮನಸ್ಸಿನಲ್ಲಿ ಕೈಮುಗಿದೆ.

ವಿಜಯದಶಮಿಯ ಬೆಳಿಗ್ಗೆ ಕೆಂಪಕ್ಕ ಹೊಸ ಸೀರೆ ಉಟ್ಟು ಮೇಲೆ ಬಂದರು. ಹಿಂದೆ ಚಿನ್ಮಯಿ, ಅವಳ ಹಿಂದೆ ಲಿಖಿತ್. ಅವನು ಅಕ್ಕನ ಲಂಗ ಹಿಡಿದುಕೊಂಡೇ ಕೂತ. ಚಪ್ಪರ ಬಂತು, ಎಲೆ ಬಂತು, ಬಕೆಟ್ಟುಗಳು ಬಂದವು. ಚಿತ್ರ ಮೊದಲು ನಿಂತಿದ್ದಲ್ಲಿ ನಿಲ್ಲದೆ ಮುಂದೆ ಹೋಯಿತು.

ಬಿಳಿ ಪಂಚೆಯ ಎತ್ತರದ ಗಂಡಸೊಬ್ಬರು ಸೌಟು ಹಿಡಿದು ಬಂದರು. ಕೂತಿದ್ದ ಬೀಗರು ಅವರ ಕೈಹಿಡಿದೆಳೆದು ತಮ್ಮ ಪಕ್ಕದಲ್ಲೇ ಕೂರಿಸಿ, ತಮ್ಮ ಎಲೆಯ ಮುದ್ದೆಯನ್ನು ಎತ್ತಿ ಅವರ ಬಾಯಿಗೇ ತುರುಕಿದರು. ಅವರು ಅದನ್ನು ಗುಳುಂ ಎಂದು ನುಂಗಿ, ತಲೆಯನ್ನು ಹಿಂದಕ್ಕೆ ಹಾಕಿ ನಕ್ಕರು. ಕಣ್ಣು ಮುಚ್ಚಿಹೋಗುವಂತೆ, ಮೀಸೆ ಕಿವಿಯ ತನಕ ಹೋಗುವಂತೆ, ಹೊಟ್ಟೆ ಕುಲುಕುವಂತೆ.

ಆದರೆ ನಮಗೆ ಕೇಳಿದ್ದು ಸಿನಿಮಾ ಹಾಡು. ವಿಡಿಯೋದವನು ಊಟದ ಭಾಗಕ್ಕೆಲ್ಲ ಯಾವುದೋ ಡೋಲಿನ ಹಾಡು ಸೇರಿಸಿದ್ದ. ಜನ ಬಾಯಿ ಆಡಿಸುತ್ತಿದ್ದರು, ಯಾರ ದನಿಯೂ ಇಲ್ಲ. ನಗೆಯ ಮೇಲೆ ಆ ಹಾಡು ಕೂತಿತ್ತು.

‘ಅಜ್ಜಿ, ತಾತನ್ ಸೌಂಡೇ ಬರ್ತಿಲ್ಲ’ ಎಂದಳು ಚಿನ್ಮಯಿ.

ನನ್ನ ಮುಖ ಸಣ್ಣದಾಯಿತು. ಲೆನ್ಸಿನ ಮೇಲಿನ ಎಣ್ಣೆಯನ್ನು ಒರೆಸಬಹುದು, ದನಿಯ ಮೇಲೆ ಬಳಿದ ಹಾಡನ್ನು ಒರೆಸುವ ಸ್ಪಿರಿಟ್ಟು ಎಲ್ಲಿದೆ? ‘ಅದು ಅಷ್ಟೇ ಕೆಂಪಕ್ಕ, ಏನೂ ಮಾಡಕ್ಕಾಗಲ್ಲ’ ಎಂದೆ.

ಕೆಂಪಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಇಂದುಕ್ ತಗಂಡೋಗಪ್ಪ. ಅವ್ರು ಕೂತ್ಕಂಡ್ರಲ್ಲ, ಅಲ್ಲಿಗೆ. ಆ ಆಡು ಬಂದ್ ಮಾಡ್ಬುಡು.’

ಹಿಂದಕ್ಕೆ ತೆಗೆದುಕೊಂಡು ಹೋದೆ. ಸದ್ದು ಪೂರ್ತಿ ಇಳಿಸಿದೆ. ನಡುಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬೀಗರು ಕೈ ಎಳೆದರು, ಕೂರಿಸಿದರು, ಮುದ್ದೆ ತುರುಕಿದರು. ಯಜಮಾನರು ತಲೆ ಹಿಂದಕ್ಕೆ ಹಾಕಿದರು. ಆಗ ಕೆಂಪಕ್ಕನ ಗಂಟಲಿನಿಂದ ನಗು ಬಂತು. ಅದು ಕೆಂಪಕ್ಕನ ನಗುವಲ್ಲ. ಮೊದಲು ಕೆಮ್ಮಿದ ಹಾಗೆ ಎರಡು ಬಿಕ್ಕು, ಆಮೇಲೆ ಎದೆಯ ಆಳದಿಂದ ಉರುಳಿಕೊಂಡು ಬಂದ ದಪ್ಪ ದನಿ, ಕೊನೆಗೆ ಉಸಿರು ಸಾಲದೆ ಸಿಳ್ಳಿನಂತೆ ಒಂದು ಎಳೆತ, ತೊಡೆಗೊಂದು ಏಟು. ಪರದೆಯ ಮೇಲೆ ಯಜಮಾನರ ಕೈಯೂ ಅದೇ ಹೊತ್ತಿಗೆ ತೊಡೆಗೆ ಬಿತ್ತು. ಒಂದು ಕ್ಷಣವೂ ಆಚೀಚೆಯಿಲ್ಲ.

ಗಿರಿಜಾ ಬಾಯಿಗೆ ಸೆರಗು ಹಿಡಿದಳು. ಲಿಖಿತ್ ಅಕ್ಕನ ಲಂಗ ಬಿಟ್ಟು ಎದ್ದುನಿಂತ. ‘ಅಜ್ಜಿ, ಇನ್ನೊಂದ್ಸಲ!’

ಇನ್ನೊಂದು ಸಲ ಹಾಕಿದೆ. ಮತ್ತೊಂದು ಸಲ. ಎಷ್ಟು ಸಲ ಎಂದು ನೋಡಿಕೊಳ್ಳಲಿಲ್ಲ. ಕೆಂಪಕ್ಕನ ಕಣ್ಣಲ್ಲಿ ನೀರು ಹರಿಯುತ್ತಿತ್ತು, ನಗು ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಕೊನೆಯ ಸಲ ಲಿಖಿತ್ ಟಿವಿಯ ಮುಂದೆಯೇ ಹೋಗಿ ನಿಂತ. ಎರಡು ಸಲ ಕೆಮ್ಮಿದ, ಹೊಟ್ಟೆ ಕುಲುಕಿಸಿದ, ಸಿಳ್ಳೆಳೆದ, ಪುಟ್ಟ ತೊಡೆಗೆ ಪಟ್ಟೆಂದು ಹೊಡೆದುಕೊಂಡ. ಕೆಂಪಕ್ಕ ಆ ಸಲ ನಗಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು.

‘ಆಂ,’ ಎಂದರು ಕಣ್ಣು ತೆರೆಯದೆ, ‘ಬಂದ್ರು.’